ಕಾರವಾರದ ಎದುರಿನ ದ್ವೀಪ ಗೋವಾದ್ದು ಹೆಂಗಾಯ್ತು?

ಪ್ರಶ್ನೆ: ಕಾರವಾರಕ್ಕೆ ಹೋದಾಗ ಬಿಣಗಾ ಕಡೆ ಸಮುದ್ರದಲ್ಲಿ ಒಂದು ಉದ್ದನೆಯ ದ್ವೀಪ ಕಾಣ್ತು, ಅಂಜುದೀವ್ ಅಂತೆ, ಅದು ಗೋವಾಕ್ಕೆ ಸೇರಿದ್ದು ಅಂದ್ರು. ನಮ್ಮ ದಡಕ್ಕೆ ಇಷ್ಟು ಹತ್ರ ಇರೋದು ಅವರದ್ದು ಹೆಂಗೆ? ಹೋಗಿ ನೋಡ್ಬಹುದಾ?
- ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎಲ್ಲಾ ಶುರುವಾಗಿದ್ದು ಸಿಹಿನೀರಿಂದ. ಸುತ್ತ ಉಪ್ಪುನೀರು ಇದ್ರೂ ಈ ಕಲ್ಲುಗುಡ್ಡದ ಮೇಲೆ ಕುಡಿಯೋ ನೀರಿನ ಊಟೆ ಇದೆ, ಜೊತೆಗೆ ದ್ವೀಪ ದಡಕ್ಕೆ ಸಮನಾಗಿ ಉದ್ದಕ್ಕೆ ಮಲಗಿರೋದ್ರಿಂದ ಅಲೆಗಳನ್ನ ಪಡುವಣದಲ್ಲೇ ತಡೀತದೆ, ಮೂಡಣದ ಕಡೆ ಹಡಗು ಆರಾಮಾಗಿ ನಿಲ್ಬಹುದು. ನಾವಿಕರಿಗೆ ಇನ್ನೇನು ಬೇಕು! 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ದೇವಸ್ಥಾನ, ತೋಟ, ನೀರಿನ ಕೆರೆ, ಒಬ್ಬ ಜೋಗಿ ಇದ್ದ ಪುಟ್ಟ ದ್ವೀಪದ ಬಗ್ಗೆ ಬರೆದಿದ್ದಾನೆ, ಅದು ಇದೇ ಅಂತಾರೆ ಹಲವು ಇತಿಹಾಸಕಾರರು. 1498ರಲ್ಲಿ ವಾಸ್ಕೋ ಡ ಗಾಮ ವಾಪಸ್ ಹೋಗುವಾಗ ಇಲ್ಲೇ ನಿಂತು ಹಡಗು ರಿಪೇರಿ ಮಾಡಿಸ್ಕೊಂಡ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಕೋಟೆ ಕಟ್ಟಿಸಿದ, ಆದ್ರೆ ಜಾಸ್ತಿ ದಿನ ಉಳಿಸ್ಕೊಳ್ಲಿಲ್ಲ, ಕೆಡವಿ ಹೋದ್ರು.

ನನ್ನನ್ನ ತುಂಬಾ ಕಾಡೋದು 1662ರ ಕಥೆ. ತಮ್ಮ ರಾಜಕುಮಾರಿಯ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಬಾಂಬೆಯನ್ನ ವರನಾದ ಇಂಗ್ಲೆಂಡಿನ ದೊರೆಗೆ ಕೊಟ್ಟಿದ್ರು, ಅದನ್ನ ವಹಿಸ್ಕೊಳ್ಳೋಕೆ ಅಬ್ರಹಾಂ ಶಿಪ್‌ಮನ್ ಅನ್ನೋನ ಜೊತೆ ಸುಮಾರು ಐನೂರು ಸೈನಿಕರು ಬಂದ್ರೆ ಇಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲ ಅಂತ ಬಿಟ್ಟುಕೊಡ್ಲಿಲ್ಲ, ಪಾಪ ಅವರೆಲ್ಲ ಬಂದು ಕೂತಿದ್ದು ಈ ಅಂಜುದೀವ್‌ನಲ್ಲಿ. ನೀರಿತ್ತು, ಆದ್ರೆ ಕರಾವಳಿಯ ಮಳೆಗಾಲ, ಜ್ವರ, ಸರಿಯಾದ ಊಟ ಇಲ್ಲ. ಎರಡು ವರ್ಷದಲ್ಲಿ ಶಿಪ್‌ಮನ್ ಸೇರಿ ಹೆಚ್ಚಿನವರು ಸತ್ರು, 1665ರಲ್ಲಿ ಬಾಂಬೆ ಸೇರಿದ್ದು ನೂರರ ಆಸುಪಾಸು ಜನ ಅಷ್ಟೇ.

1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿದ್ರು. ಎದುರಿನ ಕಾರವಾರ ಬ್ರಿಟಿಷರ ಕೈಗೆ ಹೋದ್ರೂ ದ್ವೀಪ ಪೋರ್ಚುಗೀಸರ ಹತ್ರಾನೇ ಉಳೀತು. 1961ರ ನವೆಂಬರ್‌ನಲ್ಲಿ ಅವರು ಇಲ್ಲಿಂದ ಭಾರತದ ಸಾಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ರು, ಡಿಸೆಂಬರ್‌ನಲ್ಲಿ ನಮ್ಮ ನೇವಿ ದ್ವೀಪಕ್ಕಿಳಿದು ಗೆದ್ದಾಗ 7 ಜನ ನಾವಿಕರು ಪ್ರಾಣ ಕೊಟ್ರು. ಈ ಕಡೆ ಪೋರ್ಚುಗೀಸರ ಹತ್ರ ಇದ್ದ ಜಾಗ ಗೋವಾ ಲೆಕ್ಕಕ್ಕೆ ಬಂತಲ್ಲ, ಹಂಗೆ ಇದೂ ಈಗ ಕಾಣಕೋಣ ತಾಲೂಕಿನದ್ದು.

ಹೋಗೋಕೆ ಆಗಲ್ಲ. ಈಗ ಅದು ಐಎನ್ಎಸ್ ಕದಂಬ ನೌಕಾನೆಲೆಯ ಭಾಗ, ಬ್ರೇಕ್‌ವಾಟರ್ (ಅಲೆ ತಡೆಯೋ ಗೋಡೆ) ಹಾಕಿ ದಡಕ್ಕೆ ಸೇರಿಸಿದ್ದಾರೆ, ಅಲೆ ತಡೆಯೋ ಅದೇ ಗುಣಕ್ಕಾಗಿ. ಸೆಕ್ಯುರಿಟಿ ಬೇಕು, ಒಪ್ಪೋಣ. ಆದ್ರೆ ಪುರಾತತ್ವದವರನ್ನ ಒಳಗೆ ಬಿಟ್ಟು ಕೋಟೆ, ಚರ್ಚು, ಆ ನೀರಿನ ಜಾಗಗಳನ್ನ ಸರಿಯಾಗಿ ಸರ್ವೆ ಮಾಡಿಸಿ, ಫೋಟೋ ಸಮೇತ ಕನ್ನಡ-ಕೊಂಕಣಿ ಎರಡರಲ್ಲೂ ಪ್ರಕಟಿಸ್ಲೇಬೇಕು.