ಕ್ಯಾಶುವಲ್, ರ‍್ಯಾಂಕ್ಡ್: ಮ್ಯಾಪ್ ಅದೇ, ಗನ್ ಅದೇ, ವ್ಯತ್ಯಾಸ ಎಲ್ಲಿದೆ?

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಿಂದ ಕೆಲಸಕ್ಕೆ ಪುಣೆಗೆ ಬಂದು ಹಿಂಜವಡಿಯಲ್ಲಿ ಪಿಜಿ ಹಿಡಿದಿದ್ದೀರಿ. ಐದೈದು ಜನ ಎದುರುಬದುರಾಗುವ ಶೂಟಿಂಗ್ ಆಟ ವ್ಯಾಲರಂಟ್ ಆಡಲು ಶುರು ಮಾಡಿದ್ದೀರಿ, ಆದರೆ ಅನ್‌ರೇಟೆಡ್ (ಅಂದರೆ ಕ್ಯಾಶುವಲ್, ರ‍್ಯಾಂಕ್ ಲೆಕ್ಕಕ್ಕೆ ಬಾರದ ಆಟ) ಬಿಟ್ಟು ಬೇರೆ ಏನೂ ಮುಟ್ಟಿಲ್ಲ. ರೂಮ್‌ಮೇಟ್ ರ‍್ಯಾಂಕ್ಡ್‌ನಲ್ಲಿ, ಅಂದರೆ ಗೆಲುವು ಸೋಲಿನಿಂದ ರ‍್ಯಾಂಕ್ ಏರಿಳಿಯುವ ಆಟದಲ್ಲಿ, ಪ್ಲಾಟಿನಮ್ (ಐರನ್, ಬ್ರಾಂಝ್, ಸಿಲ್ವರ್, ಗೋಲ್ಡ್ ದಾಟಿದ ಮೇಲಿನ ರ‍್ಯಾಂಕ್, ಅದರ ಮೇಲೆ ಡೈಮಂಡ್). ಅವನು "ಮೊದಲು ಕ್ಯಾಶುವಲ್‌ನಲ್ಲಿ ಕೈ ಕುದುರಲಿ, ಆಮೇಲೆ ರ‍್ಯಾಂಕ್ಡ್‌ಗೆ ಬಾ" ಅನ್ನುತ್ತಾನೆ. ಮ್ಯಾಪ್ ಅದೇ, ಗನ್ ಅದೇ, ಆಡುವ ಜನವೂ ಅವರೇ, ಹಾಗಿದ್ದರೆ ವ್ಯತ್ಯಾಸ ಏನು, ಯಾವಾಗ ರ‍್ಯಾಂಕ್ಡ್ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನು ಪಕ್ಕದ ವಾಕಡ್‌ನಲ್ಲೇ ಇರುವವನು. ಆಫೀಸ್ ಮುಗಿಸಿ, ಹಿಂಜವಡಿ ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆ ಒಂದೆರಡು ಮ್ಯಾಚ್ ಆಡದಿದ್ದರೆ ನಿದ್ದೆ ಬರುವುದಿಲ್ಲ. ನನ್ನ ಪ್ರಕಾರ ನಿಮ್ಮ ರೂಮ್‌ಮೇಟ್ ಸಲಹೆ ಉಲ್ಟಾ. ಹೊಸಬರಿಗೆ ಸರಿಸಮ ಎದುರಾಳಿ ಸಿಗುವುದು ರ‍್ಯಾಂಕ್ಡ್‌ನಲ್ಲೇ. ವಿನಾಕಾರಣ ಪೆಟ್ಟು ತಿನ್ನುವುದು ಕ್ಯಾಶುವಲ್‌ನಲ್ಲಿ ಜಾಸ್ತಿ.

ರ‍್ಯಾಂಕ್ಡ್‌ನಲ್ಲಿ ಮಾತ್ರ ನಮ್ಮ ಲೆವೆಲ್ ನೋಡಿ ಆಡಿಸುತ್ತಾರೆ, ಕ್ಯಾಶುವಲ್‌ನಲ್ಲಿ ಕೈಗೆ ಸಿಕ್ಕವರನ್ನು ತಂದು ಕೂರಿಸುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಈಗಿನ ದೊಡ್ಡ ಆಟಗಳಲ್ಲಿ ಹೆಚ್ಚಿನವು ಎರಡು ಕಡೆಯೂ ಲೆಕ್ಕ ಇಡುತ್ತವೆ. ವ್ಯಾಲರಂಟ್‌ನಲ್ಲಿ ಅನ್‌ರೇಟೆಡ್‌ಗೆ ಒಂದು ಎಂಎಂಆರ್ (ನಮ್ಮ ಆಟದ ಮಟ್ಟ ಅಳೆಯುವ ಅಂಕ), ಕಾಂಪಿಟಿಟಿವ್‌ಗೆ, ಅಂದರೆ ರ‍್ಯಾಂಕ್ಡ್‌ಗೆ, ಬೇರೆಯೇ ಒಂದು ಎಂಎಂಆರ್. ಎರಡೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಡೆ ಜಾತ್ರೆ ಕುಸ್ತಿಯಲ್ಲಿ ಹಿರಿಯರು ಮೈಕಟ್ಟು, ವಯಸ್ಸು, ಹಿಂದೆ ಯಾರ ಜೊತೆ ಹಿಡಿದಿದ್ದ ಅಂತೆಲ್ಲ ನೋಡಿ ಜೋಡಿ ಹಚ್ಚುತ್ತಾರಲ್ಲ, ಸರ್ವರ್ ಮಾಡುವುದೂ ಅದೇ ಕೆಲಸ. ಕ್ಯಾಶುವಲ್‌ನಲ್ಲಿ ಜೋಡಿ ಹಚ್ಚುವವರಿಗೆ ಸ್ವಲ್ಪ ಅವಸರ, ಅಷ್ಟೇ. ಬೇಗ ಮ್ಯಾಚ್ ಸಿಗಬೇಕು, ಗೆಳೆಯರೆಲ್ಲ ಒಟ್ಟಿಗೆ ಆಡಬೇಕು ಅನ್ನುವುದು ಅಲ್ಲಿ ಮುಖ್ಯ. ಜೋಡಿ ಸರಿಸಮ ಇರಬೇಕು ಅನ್ನುವುದು ಆಮೇಲೆ.

ಪೆಟ್ಟು ಬೀಳುವುದು ಈ "ಗೆಳೆಯರೆಲ್ಲ ಒಟ್ಟಿಗೆ" ಅನ್ನುವ ಕಡೆಯಿಂದ. ಅನ್‌ರೇಟೆಡ್‌ನಲ್ಲಿ ನೀವು ನಿಮ್ಮ ರೂಮ್‌ಮೇಟ್ ಜೊತೆ ಪಾರ್ಟಿ ಮಾಡಿದಿರಿ, ಅಂದರೆ ಒಂದೇ ಗುಂಪಾಗಿ ಆಡಲು ಹೋದಿರಿ ಅಂದುಕೊಳ್ಳಿ. ಅವನು ಪ್ಲಾಟಿನಮ್, ನೀವು ಹೊಸಬರು. ಸರ್ವರ್ ನಿಮ್ಮಿಬ್ಬರನ್ನೂ ಒಂದೇ ಮ್ಯಾಚ್‌ಗೆ ಹಾಕಲೇಬೇಕು. ಎದುರಿಗೂ ನಿಮ್ಮಂಥದ್ದೇ ಕಲಬೆರಕೆ ತಂಡ ಬರುತ್ತದೆ. ಅಲ್ಲಿರುವ ಒಬ್ಬ ಡೈಮಂಡ್ ಎಲ್ಲರನ್ನೂ ಬಿಟ್ಟು ನಿಮ್ಮನ್ನೇ ಹುಡುಕಿ ಹೊಡೆಯುತ್ತಾನೆ. ಎರಡೂ ತಂಡದ ಸರಾಸರಿ ನೋಡಿದರೆ ಸಮ. ಆದರೆ ನಿಮ್ಮ ಪಾಲಿಗೆ ಆ ಮ್ಯಾಚ್ ಸಮವಲ್ಲ, ಅಲ್ವಾ?

ರ‍್ಯಾಂಕ್ಡ್‌ನಲ್ಲಿ ಇದಕ್ಕೆ ಬೇಲಿ ಹಾಕಿದ್ದಾರೆ. ಇಬ್ಬರು ಅಥವಾ ಮೂವರ ಪಾರ್ಟಿಯಾದರೆ ಐರನ್, ಬ್ರಾಂಝ್‌ನವರು ಸಿಲ್ವರ್‌ವರೆಗಿನವರ ಜೊತೆ ಮಾತ್ರ ಸೇರಬಹುದು. ನಾಲ್ವರ ಪಾರ್ಟಿಗೆ ಅವಕಾಶವೇ ಇಲ್ಲ. ಐದು ಜನರ ತಂಡದಲ್ಲಿ ನಾಲ್ವರು ಒಂದು ಗುಂಪಾದರೆ ಉಳಿದ ಒಬ್ಬನ ಪಾಡು ಏನು ಅಂತ ಯೋಚಿಸಿಯೇ ಆ ನಿಯಮ ಮಾಡಿದ್ದಾರೆ. ಆ ಐದನೆಯವನಾಗಿ ಆಡಿದವರಿಗೆ ಇದರ ಬೆಲೆ ಗೊತ್ತು. ನಾಲ್ವರೂ ತಮ್ಮದೇ ಡಿಸ್ಕಾರ್ಡ್ ಕಾಲ್‌ನಲ್ಲಿ ಮಾತಾಡಿಕೊಂಡು ನಗುತ್ತಿರುತ್ತಾರೆ, ಇವನಿಗೆ ಒಂದು ಮಾತೂ ಕೇಳಿಸುವುದಿಲ್ಲ, ಸೋತರೆ ಮಾತ್ರ ಬೈಗುಳ ಇವನಿಗೆ. ಇದರ ಜೊತೆಗೆ, ಆಡಿದಂತೆಲ್ಲ ಏರುವ ಅಕೌಂಟ್ ಲೆವೆಲ್ 20 ಆಗುವವರೆಗೆ ರ‍್ಯಾಂಕ್ಡ್ ಬಾಗಿಲು ತೆರೆಯುವುದಿಲ್ಲ. ಹೊಸ ಅಕೌಂಟ್ ಮಾಡಿಕೊಂಡು ಬಂದು ಹೊಸಬರನ್ನು ಹೊಡೆಯುವ ಪಳಗಿದ ಆಟಗಾರರು, ಅಂದರೆ ಸ್ಮರ್ಫ್‌ಗಳು, ಆ 20 ಲೆವೆಲ್ ಎಲ್ಲಿ ಕಳೆಯುತ್ತಾರೆ ಹೇಳಿ? ನೀವು ಆಡುತ್ತಿರುವ ಕ್ಯಾಶುವಲ್‌ನಲ್ಲೇ.

ಇನ್ನು ಲೆಕ್ಕದ ವಿಷಯ. ಇದರ ಬೇರು ಚೆಸ್‌ನಲ್ಲಿದೆ. ಅಮೆರಿಕದಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದ, ಹಂಗೇರಿ ಮೂಲದ ಆರ್ಪಾಡ್ ಎಲೋ ಮಾಡಿದ ಪದ್ಧತಿಯನ್ನು ಅಲ್ಲಿನ ಚೆಸ್ ಫೆಡರೇಷನ್ 1960ರಲ್ಲಿ, ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ 1970ರಲ್ಲಿ ಒಪ್ಪಿಕೊಂಡವು. ವಿಚಾರ ಸರಳ. ಇಬ್ಬರ ಅಂಕ ನೋಡಿ ಯಾರು ಗೆಲ್ಲುವ ಸಾಧ್ಯತೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕುತ್ತಾರೆ. 200 ಅಂಕ ಹೆಚ್ಚಿರುವವನಿಂದ ಸುಮಾರು 76 ಶೇಕಡಾ ಫಲಿತಾಂಶ ನಿರೀಕ್ಷೆ ಮಾಡುತ್ತಾರೆ, 400 ಹೆಚ್ಚಿದ್ದರೆ ಸುಮಾರು 91. ನಿರೀಕ್ಷೆಗಿಂತ ಚೆನ್ನಾಗಿ ಆಡಿದರೆ ಅಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. 1500 ಇರುವವನು 1700 ಇರುವವನನ್ನು ಸೋಲಿಸಿದರೆ ಕೈತುಂಬ ಅಂಕ. ಸೋತರೆ ಹೋಗುವುದು ಚೂರೇ ಚೂರು, ಯಾಕೆಂದರೆ ಸೋಲುತ್ತಾನೆ ಅಂತ ಲೆಕ್ಕ ಮೊದಲೇ ಹೇಳಿತ್ತು.

ಎಲೋ ಪದ್ಧತಿಗೆ ಒಂದು ಕೊರತೆ ಇತ್ತು. ಹೊಸಬನ 1500ಕ್ಕೂ ವರ್ಷಗಟ್ಟಲೆ ಆಡಿದವನ 1500ಕ್ಕೂ ಅದು ಭೇದ ತಿಳಿಯುವುದಿಲ್ಲ. 1995ರಲ್ಲಿ ಮಾರ್ಕ್ ಗ್ಲಿಕ್‌ಮನ್ ಮಾಡಿದ ಗ್ಲಿಕೊ ಪದ್ಧತಿಯಲ್ಲಿ ಎರಡನೇ ಸಂಖ್ಯೆ ಸೇರಿತು: ಈ ಅಂಕದ ಮೇಲೆ ನಮಗೆಷ್ಟು ಭರವಸೆ ಇದೆ ಅನ್ನುವುದು. ಆಮೇಲೆ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗಾಗಿ ಮಾಡಿದ ಟ್ರೂಸ್ಕಿಲ್ ಇದೇ ದಾರಿಯಲ್ಲಿ ತಂಡದ ಆಟಗಳಿಗೂ ಲೆಕ್ಕ ಹೊಂದಿಸಿತು. ನೀವು ರ‍್ಯಾಂಕ್ಡ್‌ಗೆ ಹೋದಾಗ ಮೊದಲ 5 ಮ್ಯಾಚ್ ಪ್ಲೇಸ್‌ಮೆಂಟ್ ಅಂತ ಆಡಿಸುತ್ತಾರೆ. ನಿಮ್ಮ ಬಗ್ಗೆ ಸರ್ವರ್‌ಗೆ ಹೆಚ್ಚೇನೂ ಗೊತ್ತಿಲ್ಲದ ಕಾಲ ಅದು. ಶುರುವಿನಲ್ಲಿ ಏರಿಳಿತ ದೊಡ್ಡದು, ಬರುಬರುತ್ತಾ ಚಿಕ್ಕದು.

ಹಾಗಾದರೆ ರ‍್ಯಾಂಕ್ ಬ್ಯಾಡ್ಜ್ ಏನು? ಅದು ಆ ಗುಪ್ತ ಅಂಕಕ್ಕೆ ತೊಡಿಸಿದ ಅಂಗಿ. ಐರನ್‌ನಿಂದ ರೇಡಿಯಂಟ್‌ವರೆಗೆ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೆ 100 ಆರ್‌ಆರ್ (ರ‍್ಯಾಂಕ್ ರೇಟಿಂಗ್, ಕಣ್ಣಿಗೆ ಕಾಣುವ ಅಂಕ). ಗುಪ್ತ ಎಂಎಂಆರ್ ನಿಮ್ಮ ಬ್ಯಾಡ್ಜ್‌ಗಿಂತ ಮೇಲಿದ್ದರೆ ಗೆದ್ದಾಗ ಹೆಚ್ಚು ಆರ್‌ಆರ್ ಬರುತ್ತದೆ, ಸೋತಾಗ ಕಡಿಮೆ ಹೋಗುತ್ತದೆ. ಕೆಳಗಿದ್ದರೆ ಅದರ ಉಲ್ಟಾ. "ಗೆದ್ದರೆ 15, ಸೋತರೆ 22, ಇದೆಂಥ ಅನ್ಯಾಯ" ಅಂತ ಕೂಗಾಡುವವರು ದಿನಾ ಸಿಗುತ್ತಾರೆ. ಅನ್ಯಾಯ ಏನಿಲ್ಲ, ಬ್ಯಾಡ್ಜ್ ಅವರ ಆಟಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ.

ನಿಯಮಗಳಿಗೆ ಬರೋಣ. ಇಲ್ಲಿ ಎಲ್ಲ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವ್ಯಾಲರಂಟ್‌ನ ಅನ್‌ರೇಟೆಡ್ ರ‍್ಯಾಂಕ್ಡ್‌ಗೆ ತುಂಬಾ ಹತ್ತಿರ. ಎರಡರಲ್ಲೂ 13 ರೌಂಡ್ ಗೆಲ್ಲಬೇಕು, ಗನ್ ಕೊಳ್ಳುವ ದುಡ್ಡಿನ ಲೆಕ್ಕವೂ ಒಂದೇ. 12-12 ಆದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಅನ್‌ರೇಟೆಡ್‌ನಲ್ಲಿ ಒಂದೇ ರೌಂಡ್, ಗೆದ್ದವನು ಗೆದ್ದ. ರ‍್ಯಾಂಕ್ಡ್‌ನಲ್ಲಿ ಎರಡು ರೌಂಡ್ ಮುನ್ನಡೆ ಸಿಗುವವರೆಗೆ ಎಳೆಯುತ್ತಲೇ ಇರುತ್ತದೆ, ನಡುನಡುವೆ ಡ್ರಾ ಮಾಡಿಕೊಳ್ಳೋಣವಾ ಅಂತ ವೋಟು ಬರುತ್ತದೆ. ರಾತ್ರಿ ಒಂದು ಗಂಟೆಗೆ ಬೆಳಗಿನ ಶಿಫ್ಟ್ ನೆನಪಾಗಿ ನಾನು "ಡ್ರಾ" ಒತ್ತುವುದು, ಡೊಂಬಿವಲಿಯಲ್ಲಿ ಕೂತ ನಮ್ಮ ಚಿಕ್ಕಪ್ಪನ ಮಗ "ಅಣ್ಣಾ, ಒಂದೇ ರೌಂಡು" ಅನ್ನುತ್ತಾ "ಬೇಡ" ಒತ್ತುವುದು ನಮ್ಮಲ್ಲಿ ಮಾಮೂಲಿ.

ಇನ್ನೊಂದು ಶೂಟಿಂಗ್ ಆಟ ಕೌಂಟರ್ ಸ್ಟ್ರೈಕ್ 2ರಲ್ಲಿ (ಸಿಎಸ್) ಹಾಗಲ್ಲ. ಅಲ್ಲಿ ಕ್ಯಾಶುವಲ್ ಅಂದರೆ ಬೇರೆಯೇ ಆಟ. ಒಂದು ಕಡೆಗೆ ಐದರ ಬದಲು ಹತ್ತು ಜನ. ನಮ್ಮವರ ಗುಂಡು ನಮ್ಮವರಿಗೆ ತಾಗುವುದಿಲ್ಲ. ಕವಚ, ಹೆಲ್ಮೆಟ್, ಬಾಂಬ್ ನಿಷ್ಕ್ರಿಯ ಮಾಡುವ ಕಿಟ್ ಎಲ್ಲ ಪುಕ್ಕಟೆ. ಮಧ್ಯದಲ್ಲಿ ಯಾರೋ ಬರುತ್ತಾರೆ, ಯಾರೋ ಹೋಗುತ್ತಾರೆ. ರ‍್ಯಾಂಕ್ಡ್‌ನಲ್ಲಿ ಆ ಕಿಟ್‌ಗೆ ಆಟದ ದುಡ್ಡಿನಲ್ಲಿ 400 ಡಾಲರ್, ಹೆಲ್ಮೆಟ್ ಸಮೇತ ಕವಚಕ್ಕೆ 1000. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಕಿಟ್ ತಗೊಳ್ಳಬೇಕಾ, ಸ್ಮೋಕ್ (ಹೊಗೆ ಬಾಂಬ್) ತಗೊಳ್ಳಬೇಕಾ, ಈ ರೌಂಡ್ ಬಿಟ್ಟು ಮುಂದಿನದಕ್ಕೆ ಉಳಿಸಬೇಕಾ ಅನ್ನುವುದೇ ಅರ್ಧ ಆಟ. ಕಿಟ್ ಇದ್ದರೆ ಬಾಂಬ್ ನಿಷ್ಕ್ರಿಯಕ್ಕೆ 5 ಸೆಕೆಂಡ್, ಇಲ್ಲದಿದ್ದರೆ 10. ಬಾಂಬ್ ಸಿಡಿಯಲು 7 ಸೆಕೆಂಡ್ ಉಳಿದಿದೆ, ಎದುರಾಳಿಗಳೆಲ್ಲ ಸತ್ತಿದ್ದಾರೆ, ಕಿಟ್ ಮಾತ್ರ ಇಲ್ಲ. ಐದೂ ಜನ ಸುಮ್ನೆ ಓಡಿ ಜೀವ ಉಳಿಸಿಕೊಳ್ಳಬೇಕು. ಕ್ಯಾಶುವಲ್‌ನಲ್ಲಿ ವರ್ಷ ಆಡಿದರೂ ಈ ಪಾಠ ಸಿಗುವುದಿಲ್ಲ. ಅಲ್ಲಿ ಕೈ ಕುದುರಬಹುದು, ತಲೆ ಕುದುರುವುದಿಲ್ಲ.

ಮೊಬೈಲ್‌ನ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಇನ್ನೊಂದು ರೀತಿ. ಅಲ್ಲಿ ಕೆಳಗಿನ ಟಿಯರ್‌ಗಳಲ್ಲಿ ಎದುರಿಗೆ ಬರುವವರಲ್ಲಿ ಬಾಟ್‌ಗಳೇ (ಕಂಪ್ಯೂಟರ್ ಆಡಿಸುವ ಆಟಗಾರರು) ತುಂಬಿರುತ್ತವೆ. ಕೊನೆವರೆಗೆ ಬದುಕಿದ್ದರೆ ಒಳ್ಳೆಯ ಅಂಕ, ಹಾಗಾಗಿ ರ‍್ಯಾಂಕ್ ಪುಶ್ ಅಂತ ಹುಲ್ಲಿನಲ್ಲಿ ಮಲಗಿಯೇ ಮೇಲೆ ಹೋಗುವವರು ಬೇಕಾದಷ್ಟು ಜನ. ನನಗೆ ಆ ಆಟ ರುಚಿಸಲಿಲ್ಲ, ಜಾಸ್ತಿ ಹೇಳುವುದಿಲ್ಲ.

"ಕ್ಯಾಶುವಲ್‌ನಲ್ಲೂ ಲೆವೆಲ್ ನೋಡಿ ಆಡಿಸಿದರೆ ಅದೆಂಥ ಕ್ಯಾಶುವಲ್, ತೆಗೆದುಹಾಕಿ" ಅಂತ ಜಗಳ ಆಡುವವರೂ ಇದ್ದಾರೆ. ಕಾಲ್ ಆಫ್ ಡ್ಯೂಟಿಯ ಆಕ್ಟಿವಿಷನ್ ಸಂಸ್ಥೆ ಇದನ್ನು ಪರೀಕ್ಷೆ ಮಾಡಿಯೇ ನೋಡಿತು, 2024ರಲ್ಲಿ ವರದಿಯನ್ನೂ ಹೊರಗೆ ಬಿಟ್ಟಿತು. ಲೆವೆಲ್ ನೋಡುವುದನ್ನು ಸಡಿಲ ಮಾಡಿದಾಗ ತುತ್ತತುದಿಯ ಆಟಗಾರರಿಗೆ ಖುಷಿಯಾಯಿತು, ಉಳಿದವರಲ್ಲಿ ಬಹುಪಾಲು ಜನ ಆಟಕ್ಕೆ ವಾಪಸ್ ಬರುವುದು ಕಡಿಮೆಯಾಯಿತು. ಜಗಳ ಆಡುವವರು ಯಾರು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ರ‍್ಯಾಂಕ್ಡ್‌ಗೆ ಹೋಗುವ ಮೊದಲು ನೀವು ನಿಜವಾಗಿ ನೋಡಿಕೊಳ್ಳಬೇಕಾದದ್ದು ನಿಮ್ಮ ಕೈಚಳಕವನ್ನಲ್ಲ, ನಿಮ್ಮ ಪಿಜಿಯ ವೈಫೈಯನ್ನು. ರ‍್ಯಾಂಕ್ಡ್ ಕೇಳುವುದು ಒಂದೇ ಮಾತು: ಕೂತರೆ ಮುಗಿಸಿಯೇ ಏಳಬೇಕು. ಮ್ಯಾಚ್ 40 ನಿಮಿಷ ಹೋಗಬಹುದು. ಮಧ್ಯೆ ಬಿಟ್ಟರೆ ಸಿಎಸ್‌ನಲ್ಲಿ ಮೊದಲು 30 ನಿಮಿಷ ಹೊರಗೆ, ಮತ್ತೆ ಬಿಟ್ಟರೆ 2 ಗಂಟೆ, ಆಮೇಲೆ 24 ಗಂಟೆ, ಆಮೇಲೆ 7 ದಿನ. ವ್ಯಾಲರಂಟ್‌ನಲ್ಲೂ ಆರ್‌ಆರ್ ಕತ್ತರಿಸಿ ಕ್ಯೂನಿಂದ ಹೊರಗೆ ಕೂರಿಸುತ್ತಾರೆ. ಲೈನ್ ಹೋಯ್ತು, ಕರೆಂಟ್ ಹೋಯ್ತು ಅನ್ನುವುದನ್ನೆಲ್ಲ ಸರ್ವರ್ ಕೇಳುವುದಿಲ್ಲ. ಪುಣೆಯಿಂದ ಮುಂಬೈ ಸರ್ವರ್ ಪಕ್ಕದಲ್ಲೇ ಇದೆ, ಪಿಂಗ್ (ಸರ್ವರ್‌ಗೆ ಹೋಗಿಬರಲು ಹಿಡಿಯುವ ಸಮಯ) ಬಗ್ಗೆ ಚಿಂತೆ ಬೇಡ. ಆದರೆ ಪಿಜಿಯಲ್ಲಿ ರಾತ್ರಿ ಒಂಬತ್ತಕ್ಕೆ ಎಲ್ಲರೂ ಒಂದೇ ರೌಟರ್‌ನಲ್ಲಿ ಕ್ರಿಕೆಟ್ ನೋಡಲು ಕೂತರೆ ಪ್ಯಾಕೆಟ್ ಲಾಸ್ ಶುರುವಾಗುತ್ತದೆ, ಅಂದರೆ ಡೇಟಾ ನಡುದಾರಿಯಲ್ಲೇ ಕಳೆದುಹೋಗುತ್ತದೆ. ಸಾಧ್ಯವಾದರೆ ಕೇಬಲ್ ಎಳೆಸಿಕೊಳ್ಳಿ, ಇಲ್ಲವಾದರೆ ಹನ್ನೊಂದರ ಮೇಲೆ ಆಡಿ. ಗುರುವಾರ ಮನೆಯಿಂದ ಕೆಲಸ ಇದ್ದರೆ ಹಗಲಿನಲ್ಲಿ ರ‍್ಯಾಂಕ್ಡ್ ಒತ್ತಲೇಬೇಡಿ. ಇಲ್ಲಿ ರಿಪೇರಿ ಅಂತ ಕರೆಂಟ್ ತೆಗೆಯುವ ದಿನ ಅದು, ಪುಣೆಯಲ್ಲಿ ಹಳಬರಿಗೆಲ್ಲ ಗೊತ್ತು.

ಮಾತಿನ ವಿಷಯವನ್ನೂ ಹೇಳಬೇಕು. ಅನ್‌ರೇಟೆಡ್‌ನಲ್ಲಿ ಮೈಕ್ ಆಫ್ ಇದ್ದರೂ ಯಾರೂ ಕೇಳುವುದಿಲ್ಲ. ರ‍್ಯಾಂಕ್ಡ್‌ನಲ್ಲಿ ಮಾಹಿತಿ ಕೊಡದವನಿಗೆ ಮರ್ಯಾದೆ ಇಲ್ಲ. ಮುಂಬೈ ಸರ್ವರ್‌ನಲ್ಲಿ ಜಾಸ್ತಿ ಹಿಂದಿ, ನಡುವೆ ಮರಾಠಿ, ತಮಿಳು. ಹಿಂದಿ ತಡವರಿಸಿದರೂ ಪರವಾಗಿಲ್ಲ. "ಎ ಮೇನ್ ದೋ", "ಸ್ಪೈಕ್ ಬಿ", "ಜೆಟ್ 40 ಹೆಲ್ತ್" (ಎ ಮೇನ್ ಜಾಗದಲ್ಲಿ ಇಬ್ಬರು, ಬಾಂಬ್ ಬಿ ಕಡೆ, ಜೆಟ್ ಅನ್ನುವ ಪಾತ್ರಕ್ಕೆ 40 ಜೀವ ಉಳಿದಿದೆ) ಇಷ್ಟು ಹೇಳಿದರೆ ಸಾಕು, ಕೆಲಸ ನಡೆಯುತ್ತದೆ. ಬೈಯುವವರು ಸಿಗುತ್ತಾರೆ, ಕ್ಯಾಶುವಲ್‌ಗಿಂತ ಜಾಸ್ತಿಯೇ ಸಿಗುತ್ತಾರೆ, ಯಾಕೆಂದರೆ ಇಲ್ಲಿ ಸೋತರೆ ಎಲ್ಲರ ಕಣ್ಣೆದುರೇ ಸಂಖ್ಯೆ ಇಳಿಯುತ್ತದೆ. ಮೊದಲ ಬೈಗುಳಕ್ಕೇ ಮ್ಯೂಟ್ ಮಾಡಿ, ಎರಡನೆಯದಕ್ಕೆ ಕಾಯಬೇಡಿ.

ಯಾವಾಗ ಶುರು ಮಾಡಲಿ ಅಂದಿರಲ್ಲ, ಲೆವೆಲ್ 20 ಆದ ದಿನವೇ. ಅಷ್ಟರೊಳಗೆ ಎರಡು ಏಜೆಂಟ್ (ಆಡಲು ಆಯ್ದುಕೊಳ್ಳುವ ಪಾತ್ರ) ಕೈಗೆ ಹತ್ತಿರಲಿ, ಸಾಮಾನ್ಯವಾಗಿ ಬರುವ ಮ್ಯಾಪ್‌ಗಳ ಜಾಗದ ಹೆಸರುಗಳು ಬಾಯಿಗೆ ಬರಲಿ. ಐರನ್ ಬಂದರೆ ಬರಲಿ, ಎದುರಿಗೂ ಐರನ್‌ನವರೇ ಇರುತ್ತಾರೆ. ಹೊಸ ಏಜೆಂಟ್ ಹಿಡಿದು ನೋಡಬೇಕು, ಊಟ ಬರುವವರೆಗೆ ಟೈಂಪಾಸ್ ಆಗಬೇಕು ಅಂದಾಗ ಅನ್‌ರೇಟೆಡ್ ಅಥವಾ 5 ರೌಂಡ್ ಗೆದ್ದರೆ ಮುಗಿಯುವ ಸ್ವಿಫ್ಟ್‌ಪ್ಲೇ ಆಡಿ.

ರೂಮ್‌ಮೇಟ್ ಜೊತೆ ರ‍್ಯಾಂಕ್ಡ್ ಆಡುವ ಆಸೆ ಇದ್ದರೆ ಸದ್ಯಕ್ಕೆ ದಾರಿ ಒಂದೇ. ನೀವಿಬ್ಬರೇ ಹೋದರೆ ಪ್ಲಾಟಿನಮ್ ಜೊತೆ ಸೇರಲು ಬಿಡುವುದಿಲ್ಲ, ಐದು ಜನರ ಪೂರ್ತಿ ತಂಡ ಕಟ್ಟಿಕೊಂಡು ಹೋದರೆ ಬಿಡುತ್ತದೆ. ಅಂಥ ಕಲಬೆರಕೆ ತಂಡಕ್ಕೆ ಸಿಗುವ ಆರ್‌ಆರ್ ಕಡಿಮೆಯಾಗಬಹುದು, ಅದನ್ನು ಅವನಿಗೆ ಮೊದಲೇ ಹೇಳಿಬಿಡಿ.