ಬರಬೇಕಾದ ಹಣದ ಹೆಸರಿನಲ್ಲಿ ಮೋಸ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ರೀಫಂಡ್, ಅಂದರೆ ಹೆಚ್ಚಾಗಿ ಕಟ್ಟಿದ ತೆರಿಗೆ, ವಾಪಸ್ ಬರುತ್ತದೆಂಬ ಸುಳ್ಳು ಸಂದೇಶಕ್ಕೆ ಮೋಸಹೋದ ಸಂಕಟ ಹೊತ್ತವರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುತ್ತಾರೆ. ಆದ್ದರಿಂದ ಕೋಲಾರ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ತಾಳೆಯಾಗುತ್ತಿಲ್ಲ ಎಂಬ ಸಂದೇಶ ಅವರ ಮೊಬೈಲಿಗೆ ಬಂದಿತ್ತು. ಲಿಂಕ್ ಒತ್ತಿ ಪ್ಯಾನ್, ಆಧಾರ್, ಕಾರ್ಡಿನ ವಿವರ, ಕೊನೆಗೆ ಓಟಿಪಿಯನ್ನೂ ತುಂಬಿದರು. ಪಿಂಚಣಿ ಖಾತೆ ಬರಿದಾಯಿತು. ಊರಿಗೆಲ್ಲ ಸುದ್ದಿಯಾಗುವುದು ಬೇಡವೆಂದು ಮನೆಯವರು ದೂರು ಕೊಡಲಿಲ್ಲ. ಇವರಿಗೆ ನಿದ್ದೆ ಹತ್ತದೆ, ಊಟ ಸೇರದೆ ಹೋದಾಗ ಅಣ್ಣನ ಮಗ ಕರೆತಂದ.

“ಅತ್ತೆ ಇಷ್ಟು ಓದ್ಕೊಂಡೂ ಆಸೆಗೆ ಬಿದ್ದುಬಿಟ್ರು ಮೇಡಂ,” ಎಂದು ಆತ ಮಾತು ಶುರುಮಾಡಿದ. ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದವರು ಕೈಚೀಲದಿಂದ ಬ್ಯಾಂಕು ಕೊಟ್ಟ ತೆರಿಗೆ ಕಡಿತದ ಪ್ರಮಾಣಪತ್ರ, ಫಾರಂ 16ಎ, ತೆಗೆದು ನನ್ನ ಮುಂದಿಟ್ಟರು. ಠೇವಣಿಯ ಬಡ್ಡಿಯಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆಯ (ಟಿಡಿಎಸ್) ಮೊತ್ತದ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. “ತೆರಿಗೆ ಹಿಡೀಬೇಡಿ ಅನ್ನೋ 15ಎಚ್ ಫಾರಂ ಕೊಡೋದು ಮರೆತಿದ್ದೆ, ಅದಕ್ಕೇ ಹಿಡ್ಕೊಂಡ್ರು. ನನ್ನ ದುಡ್ಡನ್ನ ನಾನು ವಾಪಸ್ ಕೇಳಿದ್ರೆ ಅದು ಆಸೆ ಹೇಗಾಗುತ್ತೆ ಮೇಡಂ?”

ಅವರ ಪ್ರಶ್ನೆ ನ್ಯಾಯವಾದದ್ದು. ರೀಫಂಡ್ ನಿಜವಾಗಿಯೂ ಬರಬೇಕಿದ್ದವರಿಗೆ ಅದರ ಸಂದೇಶ ಸುಳ್ಳೆನಿಸುವುದು ಕಷ್ಟ. ಕಳ್ಳರು ಈ ತಿಂಗಳುಗಳನ್ನೇ ಕಾಯುವುದು ಅದಕ್ಕಾಗಿಯೇ. ಹಾಗೆ ಮೋಸಹೋದವರನ್ನು ಆಸೆಬುರುಕರೆಂದು ಹೀಗಳೆದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಹಣವನ್ನು ತಡೆಹಿಡಿಯಬಹುದಾಗಿದ್ದ ಹೊತ್ತು ಆ ಮೌನದಲ್ಲೇ ಕಳೆದುಹೋಗುತ್ತದೆ. ಇದನ್ನು ಆತನಿಗೆ ಅವರೆದುರೇ ಹೇಳಿದೆ.

ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕೇ ಹೊರತು ಹೀಗೆ ಮಾಡಿ ಎನ್ನಬಾರದು ಎಂಬ ಆಕ್ಷೇಪ ನನಗೆ ಗೊತ್ತು. ಆದರೂ ಅಂದು ಮಾತು ನಿಲ್ಲಿಸಿ, “ಟೀಚರ್, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ,” ಎಂದೆ. ದಿನಗಳು ಕಳೆದಿದ್ದರಿಂದ ಹಣ ಸಿಗುವ ಭರವಸೆಯನ್ನು ನಾನು ಕೊಡಲಿಲ್ಲ. ದೂರು ದಾಖಲಾಗದೆ ಮುಂದಿನ ಯಾವ ವಾದಕ್ಕೂ ಆಧಾರವಿರುವುದಿಲ್ಲವೆಂದು ಒತ್ತಾಯಿಸಿದೆ. ಅದೇ ದೂರನ್ನು ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವಂತೆಯೂ ತಿಳಿಸಿದೆ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕಳ್ಳರ ಕೈಸೇರಿದ ಪ್ಯಾನ್ ಮತ್ತು ಆಧಾರ್. ಕಾರ್ಡನ್ನು ಒಂದು ಕರೆಯಲ್ಲಿ ಬ್ಲಾಕ್ ಮಾಡಿಸಬಹುದು, ಪ್ಯಾನ್ ಸಂಖ್ಯೆ ಹಾಗಲ್ಲ. ಆದ್ದರಿಂದ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲಿನ ಪಾಸ್‌ವರ್ಡ್ ಬದಲಿಸಲು, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಲು, ಪ್ಯಾನ್ ಹೆಸರಿನ ವ್ಯವಹಾರಗಳನ್ನು ಇಲಾಖೆ ಪಟ್ಟಿ ಮಾಡುವ ವಾರ್ಷಿಕ ಮಾಹಿತಿ ವಿವರಣೆಯಲ್ಲಿ (ಎಐಎಸ್) ತಮ್ಮದಲ್ಲದ ವ್ಯವಹಾರ ಸೇರಿದೆಯೇ ಎಂದು ನೋಡಲು ಹೇಳಿದೆ. ಜನರ ಸಾಲಗಳ ದಾಖಲೆ ಇಡುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ಪೂರ್ಣ ವರದಿಯನ್ನು ತರಿಸಿ, ತಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಪರಿಶೀಲಿಸುವುದೂ ಅಷ್ಟೇ ಮುಖ್ಯ.

ರೀಫಂಡ್ ಜಮೆಯಾಗುವುದು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನೀವೇ ಸೇರಿಸಿ ದೃಢೀಕರಿಸಿದ ಬ್ಯಾಂಕ್ ಖಾತೆಗೆ ಮಾತ್ರ. ಅದಕ್ಕಾಗಿ ಇಲಾಖೆ ಕಾರ್ಡ್ ಸಂಖ್ಯೆಯನ್ನಾಗಲಿ ಪಿನ್ ಅನ್ನಾಗಲಿ ಕೇಳುವುದಿಲ್ಲ. ಇಲಾಖೆಯ ಹೆಸರಿನಲ್ಲಿ ನೋಟಿಸ್ ಬಂದರೆ, ಅದರ ಮೇಲಿರುವ, 2019ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ದಾಖಲೆ ಗುರುತಿನ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ, ಲಾಗಿನ್ ಆಗದೆಯೇ ಅದರ ಸತ್ಯಾಸತ್ಯತೆ ತಿಳಿಯಬಹುದು. ಸಂದೇಹ ಬಂದಾಗ ಸಂದೇಶದ ಲಿಂಕನ್ನು ಬಿಟ್ಟು, ಪೋರ್ಟಲ್‌ನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ ನೋಡಿ.

ಆ ಹುಡುಗನಿಗೂ ಒಂದು ಕೆಲಸ ಒಪ್ಪಿಸಿದೆ: ಪಾಸ್‌ವರ್ಡ್ ತಾನು ಇಟ್ಟುಕೊಳ್ಳದೆ, ಅತ್ತೆಯ ಪಕ್ಕದಲ್ಲಿ ಕುಳಿತು ಇಷ್ಟನ್ನೂ ಅವರ ಕೈಯಿಂದಲೇ ಮಾಡಿಸುವುದು.