‘ಜೇಬಿನಲ್ಲಿ ಯಮ’ ಬರೆದವರಿಗೆ

ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಹಾಕಿಸಿಕೊಂಡವರು ಮೊಬೈಲ್ ಬಳಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ. ಆದರೆ ಮೊದಲ ಪ್ಯಾರಾದಲ್ಲೇ ನನಗೆ ರೇಗಿಹೋಯಿತು.

‘ಮೊಬೈಲ್ ರಿಂಗಾಯಿತು. ಪೇಸ್‌ಮೇಕರ್ ನಿಂತಿತು. ಹೃದಯವೂ ನಿಂತಿತು.’

ಮೂರು ವಾಕ್ಯ, ಮೂರಕ್ಕೂ ನನ್ನ ತಕರಾರಿದೆ. ನೀವೇ ಮುಂದೆ ಹೆಸರಿಸುವ ಐಫೋನ್ 12ರಲ್ಲಿ ತೊಂದರೆ ಕೊಟ್ಟಿದ್ದು ರಿಂಗ್ ಅಲ್ಲ, ಒಳಗಿನ ಅಯಸ್ಕಾಂತ. ಫೋನ್ ಆಫ್ ಮಾಡಿದರೂ ಅಯಸ್ಕಾಂತ ಅಯಸ್ಕಾಂತವೇ ಅಲ್ವಾ? ಇನ್ನು ‘ನಿಂತಿತು’. ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹೃದಯದ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಒಂದೇ ಲೆಕ್ಕದಲ್ಲಿ ಮಿಡಿಯುತ್ತಾ ಹೋಗುತ್ತದೆ. ಫೋನ್ ದೂರ ಸರಿಸಿದರೆ ಮತ್ತೆ ಮೊದಲಿನಂತೆ. ಸುಮ್ಮನಾಗಿಬಿಡುವುದು ಐಸಿಡಿ, ಅಂದರೆ ಬಡಿತ ಹದ ತಪ್ಪಿದಾಗ ಶಾಕ್ ಕೊಡುವ ಸಾಧನ. 2021ರಲ್ಲಿ ರೋಗಿಯೊಬ್ಬರ ಎದೆಯ ಮೇಲೆ ವೈದ್ಯರು ಆ ಫೋನ್ ಹಿಡಿದು ನೋಡಿದಾಗ ಆಗಿದ್ದು ಇದೇ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ.

ಫೋನ್ ಹೊರಡಿಸುವ ರೇಡಿಯೊ ಅಲೆಗಳದ್ದು ಬೇರೆ ಕಥೆ. ಆ ಗದ್ದಲವನ್ನೇ ಹೃದಯದ ಬಡಿತ ಅಂದುಕೊಂಡು ಪೇಸ್‌ಮೇಕರ್ ತನ್ನ ಮಿಡಿತ ತಡೆಹಿಡಿಯಬಹುದು. ಟೈಟೇನಿಯಂ ಕವಚ, ಫಿಲ್ಟರ್ ಎಲ್ಲ ಇರುವುದರಿಂದ ಈಗ ಅಪರೂಪ. ಹಾಗಾದರೂ ಎಷ್ಟೋ ಜನರ ಹೃದಯ ತಾನಾಗಿಯೇ ಬಡಿಯುತ್ತಿರುತ್ತದೆ. ತಪ್ಪಿದ ಬಡಿತವನ್ನು ಸಾಧನ ತುಂಬಿಕೊಡುತ್ತದೆ, ಅಷ್ಟೇ. ನಿಮ್ಮ ಮೂರನೇ ವಾಕ್ಯ ಎಲ್ಲರನ್ನೂ ಒಟ್ಟಿಗೆ ಕೊಂದುಬಿಟ್ಟಿದೆ.

ಇಷ್ಟೆಲ್ಲ ಹೆದರಿಸಿ ಕೊನೆಗೆ ಏನು ಹೇಳುತ್ತೀರಿ? ‘ಮೊಬೈಲನ್ನು ಸ್ವಲ್ಪ ದೂರ ಇಡಿ.’

ಸ್ವಲ್ಪ ಅಂದರೆ ಎಷ್ಟು? ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನ ಬರಹದಲ್ಲಿ ‘ಸ್ವಲ್ಪ’ ಕಂಡರೆ ಹಿರಿಯ ಸಂಪಾದಕರು ಮಾತಾಡದೆ ಮೇಜಿನ ಮೇಲಿದ್ದ ಮರದ ಸ್ಕೇಲನ್ನು ನನ್ನ ಕಡೆ ತಳ್ಳುತ್ತಿದ್ದರು. ಒಮ್ಮೆ ಒಂದು ಬಾವಿ ‘ಸ್ವಲ್ಪ ಆಳವಿದೆ’ ಅಂತ ಬರೆದು ಸಿಕ್ಕಿಬಿದ್ದೆ. ಮಾರನೇ ದಿನ ಬಿಸಿಲಲ್ಲಿ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದು ಬಂದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡಿದ್ದೆ. ಆ ಸ್ಕೇಲ್ ಈಗ ನನ್ನ ಮೇಜಿನ ಮೇಲಿದೆ.

15 ಸೆಂಟಿಮೀಟರ್ ಅಂತ ಬರೆಯಿರಿ. ಸಾಧನ ಎಡಗಡೆ ಇದ್ದರೆ ಅಂಗಿಯ ಎಡಜೇಬು ಬೇಡ, ಫೋನ್ ಬಲಗಿವಿಗೆ ಅಂತಲೂ ಸೇರಿಸಿ. ಈಗಷ್ಟೇ ಸ್ಕೇಲ್ ಹಿಡಿದು ನೋಡಿದೆ: ಸಾಧನ ಕೂರಿಸುವುದು ಕತ್ತಿನ ಕೆಳಗಿನ ಮೂಳೆಯ ಹತ್ತಿರ, ನನ್ನ ಅಂಗಿಯ ಜೇಬಿನಿಂದ ಆ ಮೂಳೆಗೆ 11 ಸೆಂಟಿಮೀಟರ್ ಇದೆ.

ತಿದ್ದಿ ಕಳಿಸಿ. ತಲೆಬರಹದಿಂದ ಯಮನನ್ನು ಇಳಿಸಿ.